ಹಾಡುಗಾರ ಬ್ಯಾಂಡ್ ಕಟ್ಟಿದ ಮ್ಯಾಲೆ ಹಾಡು ಯಾರ್ದು?

(ಬೆಳಗಾವಿಯೊಳಗ ಹಾಡು ಬರಿಯೋ, ಹಾಡೋ ಹುಡುಗ್ರು-ಹುಡುಗ್ಯಾರ ಮುಂದ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೋತ ಬರಹಕ್ಕ ಇಳಿಸಿದ್ದು.)

ನೇರ ಇಂಗ್ಲೆಂಡಿನ ಹಾಡುಗಾರ ಡೇವಿಡ್ ಬೋವಿಯಿಂದನ ಶುರು ಮಾಡತೀನಿ. ತನ್ನ ಹಾಡು ತಾನ ಬರ್ಕೊಂಡು ಹಾಡ್ಕೋತ ಬಂದಂವ, ಎಲ್ಲಾ ತರದ ಹಾಡೂ ಕೈಹತ್ತಿದಂವ, ಅಷ್ಟು ದೊಡ್ಡ ಹೆಸರು ಮಾಡಿದ ಮ್ಯಾಲೆ ಒಂದಿನ ಹೊಸಾ ಬ್ಯಾಂಡ್ ಕಟ್ಕೊಂಡು ಗಟ್ಟಿ ರಾಕಿಗೆ ಇಳಿದ್ರ ಏನ್ ಸಿಗತೈತಿ ಏನ್ ಹೋಗತೈತಿ ಅನ್ನೋದು ಅವನ ಕತಿಯೊಳಗ ಭಾಳ ಸ್ಪಷ್ಟ ಕಾಣತೈತಿ. ನಿಮ್ಮೊಳಗ ಭಾಳ ಮಂದಿ ಇಂಥಾದ ಜಾಗಾದಾಗ ಅದೀರಿ. ಮನ್ಯಾಗ ಕೂತು ಕರೆಂಟಿಲ್ಲದ ಅಕೂಸ್ಟಿಕ್ ಗಿಟಾರ್ ಮ್ಯಾಲೆ ವಚನ, ತತ್ವಪದ, ನಿಮ್ಮ ಸ್ವಂತ ಹಾಡು ಹಾಡಿ ರೀಲ್ ಹಾಕತೀರಿ, ಈಗ ಒಬ್ಬ ಡ್ರಮ್ಮರ್ ಗೆಳೆಯಾ ಸಿಕ್ಕಾನ, ಇನ್ನೊಬ್ಬ ಬೇಸ್ ತಗೊಂಡಾನ, "ಸರ್, ಬ್ಯಾಂಡ್ ಮಾಡೂಣೇನ್ರಿ" ಅಂತ ಕೇಳಾಕತ್ತೀರಿ. ಮಾಡ್ರಿ, ನೂರಕ್ಕ ನೂರು ಮಾಡ್ರಿ. ಆದ್ರ ಆಂಪ್ (ಗಿಟಾರಿನ ಸದ್ದು ದೊಡ್ಡದು ಮಾಡೋ ಪೆಟ್ಟಿಗಿ) ವಾಲ್ಯೂಮ್ ಏರ್ಸೋದು ಅದರಾಗ ಭಾಳ ಸಣ್ಣ ಕೆಲಸ. ಇಷ್ಟು ದಿನಾ ನಿಮ್ಮೊಬ್ಬರದ ಆಗಿದ್ದ ಹಾಡನ್ನ ಇನ್ನ ಮೂರು ಮಂದಿ ಕೈಗೆ ಕೊಡೋದೈತೆಲ್ಲ, ಕಷ್ಟ ಇರೋದು ಅಲ್ಲಿ. ನಾನು ಮಾತಾಡಾಕ ಬಂದಿದ್ದೂ ಅದರ ಬಗ್ಗೆನ.

ಬೋವಿ 1969ರಾಗ ಹೆಸರು ಮಾಡಿದ್ದು 12 ತಂತಿ ಅಕೂಸ್ಟಿಕ್ ಗಿಟಾರಿನ ಹಾಡಿನಿಂದ. 1972ರಾಗ ಜಿಗ್ಗಿ ಸ್ಟಾರ್‌ಡಸ್ಟ್ ಅಂತ ವೇಷ ಹಾಕಿ ಗ್ಲಾಮ್ ರಾಕ್ ಹಾಡಿದ, 1975ಕ್ಕ ಅಮೆರಿಕದ ಸೋಲ್ ಮ್ಯೂಸಿಕ್ ಹಿಡದ, 1977ರಾಗ ಬರ್ಲಿನ್ನಿಗೆ ಹೋಗಿ ಸಿಂಥಸೈಜರ್ ಹಚ್ಕೊಂಡು ಕುಂತ, 1983ರಾಗ ನೈಲ್ ರಾಜರ್ಸ್ ಪ್ರೊಡ್ಯೂಸ್ ಮಾಡಿದ 'ಲೆಟ್ಸ್ ಡಾನ್ಸ್' ಆಲ್ಬಮ್ ಜಗತ್ತ ತುಂಬ ಮಾರಾಟ ಆತು. ಅಲ್ಲಿಗೆ ಅಂವ ಸ್ಟೇಡಿಯಂ ತುಂಬ್ಸೋ ಹಾಡುಗಾರ ಆದ. ಅದರ ಮುಂದ 1984ರಾಗ ಒಂದು, 1987ರಾಗ ಒಂದು ಆಲ್ಬಮ್ ಬಂದ್ವು, ಎರಡೂ ಅವನಿಗ ಸಮಾಧಾನ ಕೊಡಲಿಲ್ಲ, ಆ ಕಾಲದ ತನ್ನ ಕೆಲಸದ ಬಗ್ಗೆ ಮುಂದ ಸಂದರ್ಶನದಾಗ ಅವನ ಬೇಸರದಿಂದ ಮಾತಾಡ್ಯಾನ. 1987ರ ಟೂರಿನ್ಯಾಗ ಡಾನ್ಸರ್ಸು, ದೊಡ್ಡ ಸೆಟ್ಟು, ಸ್ಟೇಜಿನ ಮ್ಯಾಲೆ ಆಕಾಶದಷ್ಟೆತ್ತರ ಒಂದು ಜೇಡರ ಹುಳ, ಎಲ್ಲಾ ಇತ್ತು. ಇಷ್ಟೆಲ್ಲಾ ಇದ್ದೂ ಮನಸಿಗೆ ಹಿಡಸ್ಲಿಲ್ಲ ಅಂದ್ರ ಆಗ ಮನುಷ್ಯಾ ಏನ್ ಮಾಡಬೇಕು ಹೇಳ್ರಿ?

ಅಂವ ಮಾಡಿದ್ದು ಇಷ್ಟ. ಆ ಟೂರಿನ್ಯಾಗ ಪ್ರಚಾರದ ಕೆಲಸ ನೋಡ್ಕೊಳ್ತಿದ್ದ ಸಾರಾ ಟೆರಿ ಅನ್ನೋ ಹೆಣ್ಮಗಳ ಗಂಡ ರೀವ್ಸ್ ಗೇಬ್ರಲ್ಸ್ ಗಿಟಾರ್ ಬಾರಸ್ತಿದ್ದ. ಆಕಿ ಟೂರ್ ಮುಗಿಯೋ ಹೊತ್ತಿಗೆ ಗಂಡನ ಟೇಪ್ ಕೊಟ್ಲು. ಬೋವಿ ಕೇಳಿದ, ಕರ್ಸಿದ, ಇಬ್ರೂ 1988ರಾಗ ಲಂಡನ್ನಿನ ಡೊಮಿನಿಯನ್ ಥಿಯೇಟರಿನ್ಯಾಗ ಒಂದು ಡಾನ್ಸ್ ಕಾರ್ಯಕ್ರಮಕ್ಕ ಬೋವಿಯ ಹಳೇ ಹಾಡೊಂದನ್ನ ಪೂರಾ ಮುರದು ಹೊಸದಾಗಿ ಕಟ್ಟಿ ಬಾರ್ಸಿದ್ರು. ಆಮ್ಯಾಲೆ ಬಂದವ್ರು ಅಣ್ಣತಮ್ಮಂದಿರು, ಡ್ರಮ್ಸಿಗೆ ಹಂಟ್ ಸೇಲ್ಸ್, ಬೇಸಿಗೆ ಟೋನಿ ಸೇಲ್ಸ್. ಇವರಿಬ್ರೂ 1977ರಾಗ ಅಮೆರಿಕದ ರಾಕ್ ಹಾಡುಗಾರ ಇಗ್ಗಿ ಪಾಪ್‌ನ ಹಿಂದ ಬಾರ್ಸಿದವ್ರು, ಆ ಟೂರಿನ್ಯಾಗ ಬೋವಿ ಅಂಥಾ ಸ್ಟಾರ್ ಇದ್ರೂ ಹಿಂದ ಕೂತು ಕೀಬೋರ್ಡ್ ಬಾರ್ಸಿದ್ದ, ಹಂಗಾಗಿ ಇವರ ಕೈ ಎಷ್ಟು ಗಟ್ಟಿ ಅಂತ ಅವನಿಗೆ ಮೊದಲ ಗೊತ್ತಿತ್ತು. ಈ ನಾಕು ಮಂದಿ ಸೇರಿ ಟಿನ್ ಮಷೀನ್ ಆತು. ಮೊದಲ ಆಲ್ಬಮ್ 1989ರ ಮೇ ತಿಂಗಳದಾಗ ಬಂತು, ಬ್ರಿಟನ್ನಿನ ಚಾರ್ಟಿನ್ಯಾಗ ಮೂರನೇ ನಂಬರಿಗೆ ಹೋತು.

ಇಲ್ಲಿ ಲಕ್ಷ್ಯ ಕೊಡ್ರಿ. ಈ ಬ್ಯಾಂಡಿನ್ಯಾಗ ಬೋವಿ ಮಾಲಕ ಅಲ್ಲ. "ಡೇವಿಡ್ ಬೋವಿ ಮತ್ತು ಬ್ಯಾಂಡ್" ಅಂತ ಬರಿಲಿಲ್ಲ, ಬರೇ ಟಿನ್ ಮಷೀನ್. ಮಾತಾಡಾಕ ಪತ್ರಕರ್ತರು ಬಂದ್ರ ನಾಕೂ ಮಂದಿ ಕೂಡಿ ಕೂಡತಿದ್ರು. ಸ್ಟುಡಿಯೋದಾಗ ಎಲ್ಲಾರೂ ಒಮ್ಮೆಲೇ ಬಾರಿಸಿ ಹೆಚ್ಚಿನ ಹಾಡು ಹಂಗ ಹಿಡದ್ರು, ಮ್ಯಾಲೆ ಮ್ಯಾಲೆ ಟ್ರ್ಯಾಕ್ ಏರ್ಸೋದು ಕಡಿಮಿ ಮಾಡಿದ್ರು. ಬೋವಿ ಸಾಲು ಬರದು ಅದನ್ನ ತಿದ್ದಾಕ ಕುಂತ್ರ ಸೇಲ್ಸ್ ಅಣ್ಣತಮ್ಮಂದಿರು ಬಿಡ್ತಿದ್ದಿಲ್ಲ, ಮೊದಲ ಬಾಯಿಗೆ ಬಂದದ್ದ ಇರ್ಲಿ ಅಂತ ಒತ್ತಾಯ ಮಾಡ್ತಿದ್ರು ಅಂತ ಅವನ ಹೇಳ್ಯಾನ. ಇಪ್ಪತ್ತು ವರ್ಷ ಹಾಡು ಬರದ ಮನುಷ್ಯಾಗ ಒಬ್ಬ ಡ್ರಮ್ಮರ್ "ತಿದ್ದಬ್ಯಾಡ" ಅಂತಾನ, ಇಂವ ಕೇಳತಾನ. 1989ರ ಟೂರಿಗೆ ಹೋದಾಗ ಸಣ್ಣ ಸಣ್ಣ ಜಾಗಾದಾಗ ಹಾಡಿದ್ರು, ಬೋವಿಯ ಹಳೇ ಹಿಟ್ ಹಾಡು ಒಂದೂ ಇಲ್ಲ. ಮಂದಿ ಬರೋದ ಆ ಹಾಡು ಕೇಳಾಕ, ಅದು ಗೊತ್ತಿದ್ದೂ ಹಾಡಲಿಲ್ಲ. ನನಗ ಆ ಧೈರ್ಯದ ಬಗ್ಗೆ ಇವತ್ತಿಗೂ ಗೌರವ ಐತಿ.

ಹಂಗಂತ ಆ ಹಾಡೆಲ್ಲಾ ಚೊಲೊ ಅದಾವ ಅಂತ ನಾನು ಹೇಳಂಗಿಲ್ಲ. ಕೇಳ್ರಿ, ನಿಮಗೂ ಗೊತ್ತಾಗತೈತಿ. ಹಂಟ್ ಸೇಲ್ಸ್ ಡ್ರಮ್ಸ್ ಒಂದು ಕ್ಷಣಾನೂ ಜಾಗಾ ಬಿಡಂಗಿಲ್ಲ, ಗೇಬ್ರಲ್ಸ್ ಗಿಟಾರ್ ಪ್ರತಿ ಸಂದಿಯೊಳಗೂ ತೂರತೈತಿ, ನಡಕ ಬೋವಿಯ ಕಂಠ, ಅಷ್ಟು ನಾಜೂಕ ಕಂಠ, ಕೂಗಿ ಕೂಗಿ ದಾರಿ ಮಾಡ್ಕೋಬೇಕಾಗತೈತಿ. ನಾಕು ಮಂದಿಗೂ ಸಮ ಹಕ್ಕು ಅಂದ್ರು ಖರೆ, ಆದ್ರ ನಾಕು ಮಂದಿಯೂ ಒಮ್ಮೆಲೇ ಮಾತಾಡಿದ್ರು. 1991ರಾಗ ಎರಡನೇ ಆಲ್ಬಮ್ ಬಂತು, 1992ರಾಗ ಬ್ಯಾಂಡ್ ಮುಗೀತು. ವಿಮರ್ಶಕರು ಭಾಳ ಕಠೋರ ಬರದ್ರು. ನಾನು ಅಷ್ಟಕ್ಕ ನಿಲ್ಲಂಗಿಲ್ಲ, ಯಾಕಂದ್ರ ಆ ಗೇಬ್ರಲ್ಸ್ ಅನ್ನೋ ಗಿಟಾರಿಸ್ಟ್ 1999ರ ತನಕಾ ಬೋವಿ ಸಂಗಾಟನ ಇದ್ದ, 1995 ಮತ್ತ 1997ರಾಗ ಬಂದ ಬೋವಿಯ ಆಲ್ಬಮ್ಮಿನ್ಯಾಗ ಗಿಟಾರ್ ಹೆಂಗ ಅದಾವ ಕೇಳ್ರಿ, ಟಿನ್ ಮಷೀನಿನ್ಯಾಗ ಕಲ್ತದ್ದ ಅಲ್ಲಿ ಜಾಗಾ ಬಿಟ್ಟು ಬಾರ್ಸ್ಯಾನ. ಆ ಬ್ಯಾಂಡ್ ಇಲ್ಲದಿದ್ರ ಈ ಕೆಲಸ ಆಗ್ತಿದ್ದಿಲ್ಲ. ಬೋವಿಯೂ ಇದನ್ನ ಒಪ್ಕೊಂಡಾನ, ಆ ಬ್ಯಾಂಡಿನಿಂದ ತನಗ ಮತ್ತ ಹೊಸಾ ಉಮೇದಿ ಬಂತು ಅಂತ.

ಇಲ್ಲಿ ಯಾರಾದ್ರೂ "ಬಾಬ್ ಡಿಲನ್ ಕತಿ ಹೇಳ್ರಿ" ಅಂತ ಕೇಳೇ ಕೇಳತೀರಿ, ಅದನ್ನ ಎಲ್ಲಾರೂ ಹೇಳ್ಯಾರ, ಬೇಗ ಮುಗಸತೀನಿ. ಅಮೆರಿಕದಾಗ ಅಕೂಸ್ಟಿಕ್ ಗಿಟಾರ್ ಹಿಡದು ಜನಪದ ಹಾಡಿ ಹೆಸರು ಮಾಡಿದಂವ, 1965ರ ಜುಲೈ 25ಕ್ಕ ನ್ಯೂಪೋರ್ಟ್ ಜನಪದ ಉತ್ಸವದಾಗ ಎಲೆಕ್ಟ್ರಿಕ್ ಗಿಟಾರ್ ಹಿಡ್ಕೊಂಡು ಬಂದ, ಮಂದಿ ಕೂಗ್ಯಾಡಿದ್ರು, ಇದು ನಿಮಗ ಗೊತ್ತೈತಿ. ನನಗ ಅದರಾಗ ಬೇಕಾಗಿದ್ದು ಬ್ಯಾರೆ. ಆವತ್ತ ಹಿಂದ ಬಾರ್ಸಿದವ್ರು ಹಿಂದಿನ ರಾತ್ರಿ ಕೂಡಿ ಪ್ರಾಕ್ಟೀಸ್ ಮಾಡಿದವ್ರು, ಮೂರು ಹಾಡಿನಷ್ಟ ತಯಾರಿ ಇತ್ತು, ಮೂರು ಹಾಡು ಮುಗಿಸಿ ಕೆಳಗ ಇಳಿದ್ರು. ಅಂದ್ರ ಅದು ಬ್ಯಾಂಡ್ ಅಲ್ಲ, ಒಂದು ಸಂಜಿಗೆ ಕೂಡಿದ ಮಂದಿ. ಅದ ವರ್ಷ ಡಿಲನ್ 'ಹಾಕ್ಸ್' ಅನ್ನೋ ತಂಡಾನ ಕರ್ಕೊಂಡ. ಅವ್ರು ವರ್ಷಗಟ್ಟಲೆ ಬಾರಿನ್ಯಾಗ, ಕ್ಲಬ್ಬಿನ್ಯಾಗ ಕೂಡಿ ಬಾರ್ಸಿದವ್ರು, ಒಬ್ರ ಉಸುರು ಒಬ್ರಿಗೆ ಗೊತ್ತಿತ್ತು. 1966ರ ರೆಕಾರ್ಡಿಂಗ್ ಕೇಳಿದ್ರ ಆ ಫರಕ್ ಕಿವಿಗೆ ಬಡಿತೈತಿ. ಆದ್ರ ಅವ್ರ ಡ್ರಮ್ಮರ್ ಲೆವನ್ ಹೆಲ್ಮ್ ದಿನಾ ರಾತ್ರಿ ಮಂದಿ ಬೈಯೋದು ಕೇಳಿ ಕೇಳಿ ಸಾಕಾಗಿ 1965ರ ಕೊನಿಗೆ ಬಿಟ್ಟು ಹೋದ. ಹಾಡುಗಾರ ಸದ್ದು ಬದಲಿಸಿದಾಗ ಬೈಗಳ ತಿನ್ನೋದು ಹಾಡುಗಾರ ಒಬ್ಬನ ಅಲ್ಲ, ಹಿಂದ ಕುಂತವ್ರಿಗೂ ಬೀಳತೈತಿ, ಮತ್ತ ಅವ್ರ ಪಾಲಿಗೆ ಆ ಹೆಸರೂ ಇರಂಗಿಲ್ಲ.

ಈಗ ನೀಲ್ ಯಂಗ್. ನನಗ ಈ ವಿಷಯದಾಗ ಎಲ್ಲಾರಕಿಂತ ಹೆಚ್ಚು ಪ್ರೀತಿ ಇರೋದು ಇಂವನ ಮ್ಯಾಲೆ, ಸ್ವಲ್ಪ ಹೊತ್ತು ನಿಲ್ಲತೀನಿ.

ಕೆನಡಾದಂವ. ಬಫಲೋ ಸ್ಪ್ರಿಂಗ್‌ಫೀಲ್ಡ್ ಅನ್ನೋ ತಂಡದಾಗಿದ್ದ, ಅದು ಒಡದ ಮ್ಯಾಲೆ 1968ರ ಕೊನಿಗೆ ತನ್ನ ಹೆಸರಿನ ಮೊದಲ ಆಲ್ಬಮ್ ಮಾಡಿದ, ಅದರಾಗ ಟ್ರ್ಯಾಕ್ ಮ್ಯಾಲೆ ಟ್ರ್ಯಾಕ್, ಪದರ ಪದರ ಮಾಡಿ ಕಟ್ಟಿದ್ದ. ಸುಮಾರು ಆರು ತಿಂಗಳಿಗೆ, 1969ರ ಮೇದಾಗ ಎರಡನೇ ಆಲ್ಬಮ್ ಬಂತು, ಇದು ಅದ ಮನುಷ್ಯಾ ಮಾಡಿದ್ದೇನು ಅನಸತೈತಿ. ನಡಕ ಏನಾಗಿತ್ತು ಅಂದ್ರ ಲಾಸ್ ಏಂಜಲಿಸಿನ್ಯಾಗ ರಾಕೆಟ್ಸ್ ಅಂತ ಆರು ಮಂದಿ ಬ್ಯಾಂಡ್ ಇತ್ತು, ಅವರೊಳಗಿನ ಮೂರು ಮಂದಿನ್ನ ಇಂವ ಕರ್ಕೊಂಡ, ಗಿಟಾರಿಗೆ ಡ್ಯಾನಿ ವಿಟನ್, ಬೇಸಿಗೆ ಬಿಲ್ಲಿ ಟಾಲ್ಬಟ್, ಡ್ರಮ್ಸಿಗೆ ರಾಲ್ಫ್ ಮೊಲಿನಾ. ಹೆಸರು ಕ್ರೇಜಿ ಹಾರ್ಸ್. ರಾಕೆಟ್ಸ್ ಅಲ್ಲಿಗೇ ಮುಗೀತು. ಇದನ್ನೂ ನೆನಪಿಡ್ರಿ, ನೀವು ಒಬ್ಬ ಚೊಲೊ ಡ್ರಮ್ಮರನ್ನ ಎತ್ಕೊಂಡು ಬಂದಾಗ ಅಂವ ಎಲ್ಲಿಂದೋ ಬಂದಿರತಾನ, ಅಲ್ಲಿ ಮೂರು ಮಂದಿ ಖಾಲಿ ಕೈಲೆ ಕೂತಿರತಾರ.

ಈ ಮೂರು ಮಂದಿ ಬೆರಳು ಓಡ್ಸೋದ್ರಾಗ ದೊಡ್ಡ ಪಂಡಿತರೇನಲ್ಲ. ಗೇಬ್ರಲ್ಸ್ ಅಂಥವ್ರು ಬರ್ಕ್‌ಲಿ ಅಂಥಾ ಸಂಗೀತ ಕಾಲೇಜಿನ್ಯಾಗ ಕಲ್ತವ್ರು, ಕ್ರೇಜಿ ಹಾರ್ಸ್ ಹಂಗಲ್ಲ. ಆದ್ರ ಆ ಆಲ್ಬಮ್ಮಿನ 'ಡೌನ್ ಬೈ ದ ರಿವರ್' ಹಾಡು ತಗೋರಿ, ಒಂಬತ್ತು ನಿಮಿಷದ ಮ್ಯಾಲೆ ಐತಿ, ಅದರಾಗ ಗಿಟಾರ್ ಸೋಲೋ ನಡಿಯೋ ಅಷ್ಟೂ ಹೊತ್ತು ಹಿಂದ ಎರಡ ಎರಡು ಕಾರ್ಡು (ಕೂಡೇ ಬಾರ್ಸೋ ಸ್ವರಗಳ ಗುಂಪು), ಇ ಮೈನರ್ ಸೆವೆನ್ನು, ಎ. ಅಷ್ಟ. ಡ್ರಮ್ಮರ್ ಏನೂ ಹೆಚ್ಚಿಗಿ ಮಾಡಂಗಿಲ್ಲ, ಬೇಸ್ ಹಂಗ ನಿಂತಿರತೈತಿ, ವಿಟನ್‌ನ ಗಿಟಾರ್ ಒಂದು ಕಡೆ ಚುಚ್ಚಿದಂಗ ಉತ್ತರ ಕೊಡ್ಕೋತ ಹೋಗತೈತಿ, ಅದರ ನಡಕ ಯಂಗ್ ಒಂದು ಸ್ವರ ಹಿಡದು ಅದನ್ನ ಬಡದು ಬಡದು ಬಡದು ಆ ಸ್ವರದಿಂದ ಮತ್ತೇನೋ ಬರೋ ತನಕಾ ಬಿಡಂಗಿಲ್ಲ. 'ಸಿನಮನ್ ಗರ್ಲ್' ಹಾಡಿನ ಸೋಲೋ ಅಂತೂ ಬಹುತೇಕ ಒಂದ ಸ್ವರದ್ದು, ಆ ಹಾಡಿಗೆ ಗಿಟಾರಿನ ದಪ್ಪ ತಂತಿ, ತೆಳು ತಂತಿ ಎರಡನ್ನೂ ಇ ದಿಂದ ಡಿ ಗೆ ಇಳಿಸ್ಯಾನ. ಅದಕ್ಕ ಆ ಸದ್ದು ಎದಿ ಮಟ್ಟಕ್ಕ ಬರತೈತಿ. ಈ ಎರಡು ಹಾಡು, ಇನ್ನೊಂದು ಹತ್ತು ನಿಮಿಷದ ಹಾಡು, ಮೂರನ್ನೂ 103 ಡಿಗ್ರಿ ಜ್ವರದಾಗ ಮಲ್ಕೊಂಡಾಗ ಬರದೆ ಅಂತ ಯಂಗ್ ಹೇಳ್ಕೊಂಡಾನ.

ನನ್ನ ಮಾತು ಏನಂದ್ರ, ಟಿನ್ ಮಷೀನಿನ್ಯಾಗ ಇಲ್ಲದ ಜಾಗಾ ಇಲ್ಲಿ ಐತಿ. ಯಂಗ್ ಬ್ಯಾಂಡಿಗೆ ಹಾಡು ಕೊಟ್ಟಾಗ ಅರ್ಧಕ್ಕರ್ಧ ಖಾಲಿ ಬಿಟ್ಟು ಕೊಟ್ಟ. ಮೊದಲ ಆಲ್ಬಮ್ಮಿನ್ಯಾಗ ಎಲ್ಲಾ ತಾನ ತುಂಬಿದ್ದ. ಕಾರ್ಡು ಎರಡ, ಸಾಲು ಸಣ್ಣು, ತಾಳ ಸಾವಕಾಶ. ಅಷ್ಟು ಕಡಿಮಿ ಮಾಡಿದ್ದಕ್ಕ ಮೂರು ಮಂದಿ ಸಾಧಾರಣ ಬಾರ್ಸವ್ರು ಸೇರಿ ಅಷ್ಟು ಗಟ್ಟಿ ಸದ್ದು ಮಾಡಾಕ ಆತು. ಗಟ್ಟಿ ರಾಕ್ ಅಂದ್ರ ತುಂಬೋದು ಅಂತ ತಿಳ್ಕೊಂಡೀವಿ, ನನಗ ಕೇಳಿ ಕೇಳಿ ಅನಸಿದ್ದು ಬ್ಯಾರೆ, ತೆಗಿಯೋದ ಹೆಚ್ಚು ಐತಿ ಅದರಾಗ.

ವಿಟನ್ 1972ರ ನವೆಂಬರಿನ್ಯಾಗ ಡ್ರಗ್ಸಿನಿಂದ ತೀರ್ಕೊಂಡ. ಆ ನೋವು ಯಂಗ್‌ನ ಮುಂದಿನ ಎಷ್ಟೋ ಹಾಡಿನ್ಯಾಗ ಐತಿ. ಆಮ್ಯಾಲೆ ಫ್ರ್ಯಾಂಕ್ ಸಾಂಪೆಡ್ರೋ ಅನ್ನಂವ ಬಂದು 1975ರಾಗ ಬ್ಯಾಂಡ್ ಮತ್ತ ನಿಂತ್ಕೊಂತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗತೀನಿ, ಯಾಕಂದ್ರ ನಾವು ಬೆಳಗಾವಿಯೊಳಗ ಕೂತೀವಿ. ಇಲ್ಲಿಂದ ಒಂದೀಟು ದೂರ ಸುಳೇಭಾವಿ ಐತಿ, ಕುಮಾರ ಗಂಧರ್ವರು 1924ರಾಗ ಹುಟ್ಟಿದ ಊರು. ಈ ಭಾಗದ ಮಕ್ಕಳು ತಂಬೂರಿ ಸದ್ದು ಕೇಳ್ಕೋತ ಬೆಳದವ್ರು. ನಿಮ್ಮೊಳಗ ಹಿಂದೂಸ್ತಾನಿ ಕಲ್ತವ್ರು ಎಷ್ಟೋ ಮಂದಿ ಇದ್ದೀರಿ, ಅವ್ರು "ರಾಕ್ ನಮ್ಮದಲ್ಲ" ಅಂತ ಅಂಜತೀರಿ. ರಾಕ್ ಗಿಟಾರಿನ ಪವರ್ ಕಾರ್ಡ್ ಅಂದ್ರ ಏನ್ರಿ? ಸ, ಪ. ಇಷ್ಟ. ತಂಬೂರಿಯೊಳಗ ಮಿಡಿಯೋ ಅದ ಎರಡು ಸ್ವರ. ಗ ಇಲ್ಲ ಅದರಾಗ.

ಗ ಯಾಕಿಲ್ಲ ಅಂದ್ರ ಡಿಸ್ಟಾರ್ಶನ್, ಅಂದ್ರ ಗಿಟಾರಿನ ಸದ್ದನ್ನ ಬೇಕಂತನ ಒರಟು ಮಾಡೋದು, ಹಚ್ಚಿದ ಕೂಡಲೇ ಎರಡು ಸ್ವರದಿಂದ ಮೂರನೇದೊಂದು ಹುಟ್ಟತೈತಿ, ಅವೆರಡರ ಕಂಪನದ ವ್ಯತ್ಯಾಸದಷ್ಟು. ಸ ಸೆಕೆಂಡಿಗೆ 100 ಕಂಪನ ಅಂತ ಹಿಡೀರಿ, ಪ 150, ವ್ಯತ್ಯಾಸ 50. 50 ಅಂದ್ರ ಕೆಳಗಿನ ಸಪ್ತಕದ ಸ. ಹಂಗಾಗಿ ಸದ್ದು ತಾನ ತಾನ ಬುಡ ಗಟ್ಟಿ ಮಾಡ್ಕೊಳ್ಳತೈತಿ. ಈಗ ನಡಕ ಶುದ್ಧ ಗ ಹಾಕ್ರಿ, ಗಿಟಾರಿನ ಶುದ್ಧ ಗ ಸುಮಾರು 126ಕ್ಕ ಬರತೈತಿ. ಸ ದಿಂದ 26, ಪ ದಿಂದ 24. ಈ 26, 24 ಒಂದಕ್ಕೊಂದು ತಿಕ್ಕಾಡ್ತಾವ, ಸದ್ದು ರಾಡಿ ಆಗತೈತಿ. ಅದಕ್ಕ ಗಟ್ಟಿ ರಾಕಿನವ್ರು ಗ ಬಿಟ್ಟುಬಿಡತಾರ. ಅವ್ರು ಬಿಟ್ಟ ಗ ಹಾಡುಗಾರನ ಪಾಲಿಗೆ ಬರತೈತಿ! ಗಿಟಾರು ಮೇಜರ್ರೋ ಮೈನರ್ರೋ ಹೇಳಂಗಿಲ್ಲ, ನೀವು ಭೂಪದ ಶುದ್ಧ ಗ ಹಾಡಿದ್ರೂ ಕೂಡತೈತಿ, ಭೀಮಪಲಾಸದ ಕೋಮಲ ಗ ಹಾಡಿದ್ರೂ ಕೂಡತೈತಿ, ಮೀಂಡ್ ಬೇಕಾದ್ರೂ ತಗೋರಿ. ಪೂರಾ ಕಾರ್ಡ್ ಬಾರ್ಸೋ ಅಕೂಸ್ಟಿಕ್ ಗಿಟಾರಿನ ಸಂಗಾಟ ಇಷ್ಟು ಸ್ವಾತಂತ್ರ್ಯ ಇರಂಗಿಲ್ಲ. ಒಂದು ಎಚ್ಚರಿಕಿ, ಮಾಲಕಂಸ ಹಾಡೋವಾಗ ಸ-ಪ ಹಾಕಬ್ಯಾಡ್ರಿ, ಅದರಾಗ ಪ ಇಲ್ಲ, ತಂಬೂರಿಯೂ ಮ ಕ್ಕ ಕೂಡಸತಾರ, ಗಿಟಾರಿಸ್ಟನಿಗೂ ಸ-ಮ ಹಿಡಿ ಅಂತ ಹೇಳ್ರಿ.

ಮಾತಿಗೆ ಬರ್ತೀನಿ, ಅಂದ್ರ ಸಾಹಿತ್ಯಕ್ಕ. ಭಾವಗೀತೆ ಹಾಡಿ ಬಂದವ್ರು ಬ್ಯಾಂಡಿಗೆ ಬಂದಾಗ ಮೊದಲು ಸೋಲೋದು ಇಲ್ಲಿ. ಭಾವಗೀತೆಯೊಳಗ ಮಾತು ಮುಂದ, ವಾದ್ಯ ಹಿಂದ. ರಾಕಿನ್ಯಾಗ ಡ್ರಮ್ಸಿನ ಸಿಂಬಲ್ ಏನೈತಿ, ಅದರ ಸದ್ದು ಸ, ಶ, ಚ ಅಕ್ಷರದ ಸೀಟಿ ಇರೋ ಜಾಗಾದಾಗನ ಬಂದು ಕೂಡತೈತಿ. ಡಿಸ್ಟಾರ್ಶನ್ ಗಿಟಾರು ಸ್ವರಾಕ್ಷರದ ಜಾಗಾ ತಿಂತೈತಿ. "ಮುಸ್ಸಂಜೆಯ ಸುಳಿಗಾಳಿಯೆ ಸುಮ್ಮನೆ ಸರಿಯದಿರು" ಅಂತ ನೀವು ಬರದ್ರ ಅಕೂಸ್ಟಿಕ್ಕಿನ್ಯಾಗ ಎಷ್ಟು ಮೆತ್ತಗ ಕೇಳತೈತಿ, ಡ್ರಮ್ಸ್ ಬಂತಂದ್ರ ಎಲ್ಲಾ 'ಸ'ನೂ ಸಿಂಬಲ್ಲಿನ್ಯಾಗ ಮುಳುಗಿ ಹೋಗತಾವ, ಮೂರನೇ ಸಾಲಿನಂವಗೂ ಮಾತು ತಿಳಿಯಂಗಿಲ್ಲ. ಅದ "ಕಟ್ಟಿ ಒಡದು ಬಾರೇ ತಾಯೀ" ಅಂತ ಮಲಪ್ರಭಾ ಹೊಳಿಗೆ ಕರದು ನೋಡ್ರಿ. ಕ, ಟ್ಟಿ, ಡ, ಇವು ಬಡಿಯೋ ಅಕ್ಷರ, ಸ್ನೇರ್ ಡ್ರಮ್ಮಿನ ಸಂಗಾಟ ಹೆಜ್ಜಿ ಹಾಕತಾವ. ಕೊನಿಗೆ ಬಾರೇ, ತಾಯೀ ಅಂತ ದೀರ್ಘ ಬಂತು, ಅಲ್ಲಿ ಕಂಠ ಬಿಟ್ಟು ಎಳೀಬಹುದು. ಕನ್ನಡದಾಗ ಒತ್ತಕ್ಷರ ಎಷ್ಟು ಅದಾವ, ಮಾತೆಲ್ಲಾ ಸ್ವರದಾಗನ ಮುಗೀತಾವ, ಗಟ್ಟಿ ರಾಕಿಗೆ ಇದಕಿಂತ ಚೊಲೊ ಸಾಮಾನು ಇನ್ನೇನ್ ಬೇಕು. ನಮ್ಮ ಕಡೆ ಮಾತಂತೂ ಇನ್ನೂ ಚೊಲೊ. ಪುಸ್ತಕದಾಗಿನ "ಬರುತ್ತದೆ" ಹಾಡಾಕ ಹೋದ್ರ ನಾಲಿಗಿ ತೊಡರತೈತಿ, "ಬರ್ತೈತಿ" ತಾಳದ ಮ್ಯಾಲೆ ನೇರ ಬಂದು ಕೂಡತೈತಿ. ಬೆಂಗಳೂರಿನ ಬ್ಯಾಂಡ್ ಹಾಡಿದಂಗ ಹಾಡಬೇಕು ಅಂತ ನಿಮ್ಮ ಬಾಯಿ ಯಾಕ ಬದಲು ಮಾಡ್ಕೊತೀರಿ?

ಇದಕ್ಕ ದೂರ ಹೋಗೋದೂ ಬ್ಯಾಡ. ಗೀಗೀ ಪದ ಕೇಳೀರಿಲ್ಲೋ. ಡಪ್ಪು, ತುಂತುಣಿ, ತಾಳ, ಸಾಮಾನು ಇಷ್ಟ. ಮುಂದಿನಂವ ಸಾಲು ಎತ್ತತಾನ, ಹಿಂದಿನವ್ರು "ಗೀ ಗೀ" ಅಂತ ಸೊಲ್ಲು ಹಿಡೀತಾರ, ಮೈಕಿಲ್ಲದ ಬಯಲಾಗ ಇಡೀ ರಾತ್ರಿ ಹರದೇಶಿ ನಾಗೇಶಿ ಅನ್ನೋ ಎರಡು ಪಂಗಡದವ್ರ ಸವಾಲ್ ಜವಾಬ್ ನಡೀತಿತ್ತು, ಒಂದು ಮಾತು ಮಂದಿಗೆ ತಪ್ಪತಿದ್ದಿಲ್ಲ. ಸ್ವಾತಂತ್ರ್ಯ ಚಳವಳಿ ಕಾಲಕ್ಕ ರಾಮದುರ್ಗ ತಾಲೂಕಿನ ಹುಲಕುಂದದ ಭೀಮಕವಿಯ ಲಾವಣಿ ಹಿಂಗ ಊರೂರು ಮುಟ್ಟಿದ್ದು. ಅಲ್ಲಿ ಹಿಮ್ಮೇಳದವ್ರು ಯಾವಾಗ ಬಾಯಿ ಹಾಕಬೇಕು, ಯಾವಾಗ ಡಪ್ಪು ಇಳಿಸಿ ಮಾತು ಬಿಡಬೇಕು ಅನ್ನೋದು ಅಷ್ಟು ಪಕ್ಕಾ ಇರತೈತಿ. ಹಿಮ್ಮೇಳ ಇಲ್ಲದ ಗೀಗೀ ಪದ ಅರ್ಧ ಪದ. ಮುಂದಿನಂವ ಎಷ್ಟ ದೊಡ್ಡಂವ ಇರ್ಲಿ, ಸೊಲ್ಲಿನ ಜಾಗಾ ಹಿಂದಿನವ್ರದ, ಅದನ್ನ ಅಂವ ಮುಟ್ಟಂಗಿಲ್ಲ. ಬೋವಿಗೂ, ಹಂಟ್ ಸೇಲ್ಸಿಗೂ ಇದನ್ನ ಒಂದು ರಾತ್ರಿ ಕೇಳ್ಸಬೇಕಿತ್ತು ಅಂತ ನನಗ ಖರೇನ ಆಸೆ ಆಗತೈತಿ.

ಈಗ ನಿಮ್ಮ ರಿಹರ್ಸಲ್ ರೂಮಿಗೆ ಬರೂಣು. ಒಬ್ರ ಹಾಡೋವಾಗ ನಿಮ್ಮ ಬಲಗೈ ಏನ್ ಮಾಡತಿರತೈತಿ ಗೊತ್ತೇನ್ರಿ, ಡ್ರಮ್ಮರನ ಕೆಲಸ, ಬೇಸಿನ ಕೆಲಸ ಎರಡೂ ಮಾಡತಿರತೈತಿ. ಸ್ಟ್ರಮ್ಮಿಂಗಿನ್ಯಾಗ ಮ್ಯಾಲೆ ಕೆಳಗ ಎಲ್ಲಾ ತುಂಬಿರತೀರಿ, ಅದು ಒಬ್ರ ಹಾಡೋವಾಗ ಬೇಕು. ಡ್ರಮ್ಮರ್ ಬಂದ ಮ್ಯಾಲೂ ಅದನ್ನ ಹಂಗ ಮಾಡಿದ್ರ ಅಂವ ಎಲ್ಲಿ ಬಾರ್ಸಬೇಕು? ಅದಕ್ಕ ನಾನು ಹೇಳೋದು, ಮೊದಮೊದಲಿಗೆ ಗಿಟಾರ್ ಕೆಳಗಿಟ್ಟು ಬರೇ ಹಾಡ್ರಿ. ಭಾಳ ಕಸಿವಿಸಿ ಆಗತೈತಿ, ಕೈ ಎಲ್ಲಿಡಬೇಕು ತಿಳಿಯಂಗಿಲ್ಲ, ಆಗ್ಲಿ. ಆ ಖಾಲಿ ಜಾಗಾದಾಗ ಬೇಸಿನಂವ ಏನ್ ತರ್ತಾನ ನೋಡ್ರಿ. ಅಂವ ತಂದದ್ದು ನಿಮ್ಮ ತಲಿಯೊಳಗಿನ ಹಾಡಿಗೆ ಹೊಂದಂಗಿಲ್ಲ ಅನಸತೈತಿ, ಆ ಕ್ಷಣಕ್ಕ "ಬ್ಯಾಡ" ಅನ್ನಬ್ಯಾಡ್ರಿ, ಎರಡು ಮೂರು ಸಲ ಹಂಗ ಬಾರ್ಸಿ ಆಮ್ಯಾಲೆ ಮಾತಾಡ್ರಿ.

ಕಂಠದ ವಿಷಯ. ಡ್ರಮ್ಸಿನ ಮುಂದ ನಿಂತಾಗ ನಿಮ್ಮ ದನಿ ನಿಮಗ ಕೇಳಂಗಿಲ್ಲ, ಕೇಳದಿದ್ರ ಮನುಷ್ಯಾ ತಾನ ತಾನ ಜೋರ ಒದರತಾನ, ಎರಡು ವಾರದಾಗ ಕಂಠ ಕೂತು ಹೋಗತೈತಿ. ಮೊದಲ ಮಾನಿಟರ್ ಸ್ಪೀಕರಿಗೆ ರೊಕ್ಕಾ ಇಡ್ರಿ, ಆಮ್ಯಾಲೆ ಹೊಸಾ ಪೆಡಲ್ಲು. ಹಾಡಿನ ಕಪ್ಪು-ಬಿಳಿ ಪಟ್ಟಿಯೂ (ಹಾರ್ಮೋನಿಯಮ್ಮಿನ ಯಾವ ಮನಿ ಹಿಡದು ಹಾಡತೀರೋ ಅದು) ಬದಲಾಗಬೇಕಾಗತೈತಿ, ಮನ್ಯಾಗ ಮೆಲ್ಲಕ ಹಾಡೋ ಶ್ರುತಿ ಬ್ಯಾಂಡಿನ್ಯಾಗ ಕೇಳಂಗಿಲ್ಲ, ಸ್ವಲ್ಪ ಏರ್ಸಬೇಕು, ಎಷ್ಟು ಅಂತ ನಿಮ್ಮ ಕಂಠಾನ ಹೇಳತೈತಿ. ಮತ್ತ ಕಿವಿ. ಇದನ್ನ ಯಾರೂ ಹೇಳಂಗಿಲ್ಲ ನಮ್ಮ ಕಡೆ, ಅದಕ್ಕ ಒತ್ತಿ ಹೇಳತೀನಿ. 85 ಡೆಸಿಬೆಲ್ ಸದ್ದಿನ್ಯಾಗ 8 ತಾಸು ಇರಬಹುದು ಅಂತ ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ನಿಯೋಶ್ ಮಿತಿ ಹಾಕೈತಿ, ಅಲ್ಲಿಂದ ಮೂರು ಮೂರು ಡೆಸಿಬೆಲ್ ಏರಿದಂಗ ಹೊತ್ತು ಅರ್ಧ ಅರ್ಧ ಆಗತೈತಿ, 100ಕ್ಕ ಬರೋದ್ರಾಗ ಬರೇ 15 ನಿಮಿಷ. ಸಣ್ಣ ಕೋಣಿಯೊಳಗ ಡ್ರಮ್ಸು, ಎರಡು ಆಂಪು ಇದ್ರ 100 ದಾಟೋದು ಸುಲಭ, ನೀವು ಎರಡು ತಾಸು ಅಲ್ಲೇ ಇರತೀರಿ. ಕಿವ್ಯಾಗ ಹಾಕೋ ಫೋಮ್ ಪ್ಲಗ್ ಭಾಳ ಕಡಿಮಿ ರೇಟಿಗೆ ಸಿಗತಾವ. ಹೋದ ಕಿವಿ ಬರಂಗಿಲ್ಲರೀ, ಹಾಡೋ ಮಂದಿ ನೀವು.

ಇನ್ನೊಂದು ಮಾತು, ಇದು ಕೇಳಾಕ ಛಲೋ ಅನಸಂಗಿಲ್ಲ ಆದ್ರೂ. ಮೊದಲ ಶೋಕ್ಕಿಂತ ಮೊದಲ ಕೂತು ಒಂದು ಹಾಳಿ ಮ್ಯಾಲೆ ಬರೀರಿ, ಯಾವ ಹಾಡಿಗೆ ಸಾಹಿತ್ಯ ಯಾರ್ದು, ಸಂಗೀತ ಯಾರ್ದು, ರೊಕ್ಕಾ ಬಂದ್ರ ಹೆಂಗ ಹಂಚ್ಕೋಬೇಕು. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಹಿತ್ಯ ಬ್ಯಾರೆ ಕೃತಿ, ಸಂಗೀತ ಬ್ಯಾರೆ ಕೃತಿ, ಬರದವ್ರು ತೀರ್ಕೊಂಡ ಮ್ಯಾಲೂ 60 ವರ್ಷ ಹಕ್ಕು ನಡೀತೈತಿ. 2012ರ ತಿದ್ದುಪಡಿ ಬಂದ ಮ್ಯಾಲೆ ಬರದವ್ರ, ಸ್ವರ ಹಾಕಿದವ್ರ ರಾಯಲ್ಟಿ ಹಕ್ಕು ಇನ್ನೂ ಗಟ್ಟಿ ಆತು. ಗೆಳೆತನ ಇದ್ದಾಗ ಬರದಿಟ್ಟದ್ದು ಗೆಳೆತನ ಉಳಸತೈತಿ. ಟಿನ್ ಮಷೀನಿನ ಹಾಡಿಗೆ ಯಾರ ಯಾರ ಕೈ ಬಿತ್ತೋ ಅವರವರ ಹೆಸರು ಹಾಕ್ಯಾರ, ಬೋವಿ ಅಷ್ಟು ದೊಡ್ಡ ಹೆಸರು ಇಟ್ಕೊಂಡೂ ಹಂಗ ಮಾಡಿದ. ಡ್ರಮ್ಮರ್ ಹೊಡದ ಒಂದು ತಾಳದಿಂದನ ಹಾಡು ಹುಟ್ಟಿದ್ರ ಅಂವನ ಹೆಸರೂ ಬರಬೇಕು, ನನಗ ಇದರ ಬಗ್ಗೆ ಎರಡು ಮಾತಿಲ್ಲ.

ಮಾತಿನ ನಡಕ ವಿಜಯಪುರದಿಂದ ಬಂದ ತಂಗಿ ಒಬ್ಬಾಕಿ ಒಂದು ಪ್ರಶ್ನೆ ಕೇಳಿದ್ಲು, ಈಗ ಉತ್ತರ ಕೊಡತೀನಿ. "ನನ್ನ ಮೆತ್ತನ್ನ ಹಾಡಿಗೆ ಮಂದಿ ಅದಾರ, ಬ್ಯಾಂಡ್ ಮಾಡಿದ್ರ ಅವ್ರು ಹೋಗತಾರೇನ್ರಿ ಸರ್?" ಕೆಲವ್ರು ಹೋಗತಾರವ್ವಾ. ಇದು ರಾಕಿಗಷ್ಟ ಇಲ್ಲ. ಕುಮಾರ ಗಂಧರ್ವರು ಸಣ್ಣ ವಯಸ್ಸಿನ್ಯಾಗ ದೊಡ್ಡ ಹೆಸರು ಮಾಡಿದ್ರು, ಆಮ್ಯಾಲೆ ಕ್ಷಯ ಬಂದು ದೇವಾಸದಾಗ ವರ್ಷಗಟ್ಟಲೆ ಹಾಡದ ಮಲ್ಕೊಂಡ್ರು, ಎದ್ದು ಬಂದಾಗ ಉಸುರು ಮೊದಲಿನಂಗಿದ್ದಿಲ್ಲ, ಸಣ್ಣ ಸಣ್ಣ ತುಣುಕಿನ್ಯಾಗ ಸ್ವರ ಒಗದು, ಮಾಳ್ವಾದ ಜನಪದ ಕೇಳಿ, ಪೂರಾ ಬ್ಯಾರೆ ಗಾಯಕಿ ಕಟ್ಟಿದ್ರು. ಹಳೇ ರೀತಿ ಬೇಕು ಅನ್ನವ್ರು ಒಪ್ಪಲಿಲ್ಲ. ಅವ್ರು ಹೋದ್ರೂ ಹಾಡು ನಿಲ್ಲಲಿಲ್ಲ. ಅಲ್ಲಿ ದೇಹ ಬದಲಾಗಿತ್ತು, ಅದಕ್ಕ ಹಾಡು ಬದಲಾತು. ನಿಮಗ ಬದಲಾಗಬೇಕು ಅನಸಾಕ ಕಾರಣ ಏನು ಅಂತ ನೀವ ನೋಡ್ಕೋಬೇಕು. ಫ್ಯಾಷನ್ನಿಗೆ ಅಂತ ಗಟ್ಟಿ ಸದ್ದು ಹಚ್ಚಿದ್ರ ಮಂದಿಗೆ ಒಂದು ಹಾಡಿನ್ಯಾಗ ಗೊತ್ತಾಗತೈತಿ.

ಮೆತ್ತನ್ನದು ಬಿಡಬೇಕು ಅಂತಾನೂ ಇಲ್ಲ. ನೀಲ್ ಯಂಗ್ ಕ್ರೇಜಿ ಹಾರ್ಸ್ ಬಿಟ್ಟು 1972ರಾಗ 'ಹಾರ್ವೆಸ್ಟ್' ಮಾಡಿದ, ಬ್ಯಾರೆ ತಂಡ, ಮೆತ್ತನ್ನ ಹಾಡು, ಅಮೆರಿಕದಾಗ ಮೊದಲ ನಂಬರು. ಮತ್ತ ಹಾರ್ಸ್ ಸಂಗಾಟ ಬಂದ, ಮತ್ತ ಬಿಟ್ಟ, ಐವತ್ತು ವರ್ಷ ಹಿಂಗ ಓಡ್ಯಾಡ್ಯಾನ. 1979ರ 'ರಸ್ಟ್ ನೆವರ್ ಸ್ಲೀಪ್ಸ್' ಆಲ್ಬಮ್ ಇವತ್ತ ರಾತ್ರಿ ಕೇಳ್ರಿ ಎಲ್ಲಾರೂ. ಮೊದಲ ಬಾಜು ಅಕೂಸ್ಟಿಕ್ಕು, ಎರಡನೇ ಬಾಜು ಕ್ರೇಜಿ ಹಾರ್ಸ್ ಸಂಗಾಟ ಗಟ್ಟಿ ರಾಕು. ಆಲ್ಬಮ್ಮಿನ ಮೊದಲನೇ ಹಾಡೂ ಕೊನೇ ಹಾಡೂ ಒಂದ ಹಾಡು, ಸಾಲು ಸ್ವಲ್ಪ ಬದಲು ಮಾಡ್ಯಾನ. ಎರಡನ್ನೂ ಒಂದರ ಹಿಂದ ಒಂದು ಹಚ್ಚಿ, ಒಂದು ಪೆನ್ನು ಹಾಳಿ ಇಟ್ಕೊಂಡು ಕೂಡ್ರಿ. ಬ್ಯಾಂಡ್ ಬಂದ ಮ್ಯಾಲೆ ಯಂಗ್‌ನ ಕೈಯಾಗಿಂದ ಯಾವ ಯಾವ ಕೆಲಸ ಹೋಗ್ಯಾವ, ಅವನ್ನ ಯಾರು ತಗೊಂಡಾರ, ಕಂಠ ಎಲ್ಲಿ ಸುಮ್ಮನಾಗೈತಿ ಅಂತ ಬರ್ಕೋರಿ. ಆ ಹಾಳಿ ತಗೊಂಡು ನಿಮ್ಮ ಒಂದು ಹಾಡಿನ ಮುಂದ ಕೂಡ್ರಿ, ಯಾವ ಎರಡು ಕಾರ್ಡ್ ಇಟ್ಕೊಂಡು ಉಳಿದದ್ದು ತೆಗೀಬಹುದು ನೋಡ್ರಿ. ಮುಂದಿನ ಸಲ ಬರೋವಾಗ ಡ್ರಮ್ಮರನ್ನೂ ಕರ್ಕೊಂಡು ಬರ್ರಿ, ಇವತ್ತ ಹಾಡುಗಾರರ ಬಂದೀರಿ, ಅವ್ರು ಒಬ್ರೂ ಕಾಣವಲ್ರು.